ಕಾಕಾನ ಅಂಗಡಿಯ ಹಳೇ ಪ್ರಿಂಟರ್ ಮತ್ತು 1991

ಭಾಗ 1/9

ಈ ಫೋಟೋದಾಗ ಕಾಣೋದು ನಮ್ಮ ಕಾಕಾನ ಅಂಗಡಿ, ಮುರಗೋಡ. ಝೆರಾಕ್ಸ್, ಅರ್ಜಿ ಟೈಪಿಂಗ್, ಸ್ಕಾಲರ್‌ಶಿಪ್ ಫಾರ್ಮ್ ತುಂಬೋದು, ಎಲ್ಲಾ ಇಲ್ಲೇ. ಟೇಬಲ್ ಮೇಲಿರೋ ಕಂಪ್ಯೂಟರ್ 2012ರದ್ದು. 2 ಜಿಬಿ ರ‍್ಯಾಮ್, ವಿಂಡೋಸ್ 7. ಎಡಗಡೆ ಟರ್ ಟರ್ ಅನ್ನೋ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಬಲಗಡೆ ಸಣ್ಣ ಲೇಸರ್ ಪ್ರಿಂಟರ್, ಮುಂದೆ ಬೆರಳಚ್ಚು ತಗೊಳ್ಳೋ ಡಬ್ಬಿ.

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೆ ಬೆಂಬಲ ನಿಲ್ಲಿಸಿತು. 2023ರ ಶುರುವಿನಲ್ಲಿ ಕ್ರೋಮ್ ಬ್ರೌಸರ್ ಕೂಡ ಅದಕ್ಕೆ ಹೊಸ ಆವೃತ್ತಿ ಕೊಡೋದು ಬಿಟ್ಟಿತು. ಅಂದರೆ ಕಂಪ್ಯೂಟರ್ ಕೆಟ್ಟಿರಲಿಲ್ಲ, ಆದರೆ ವೆಬ್‌ಸೈಟ್‌ಗಳು ಒಂದೊಂದಾಗಿ ಅದರ ಮುಖಕ್ಕೆ ಬಾಗಿಲು ಹಾಕ್ತಾ ಬಂದವು. ಫಾರ್ಮ್ ತುಂಬಿಸೋಕೆ ಬಂದ ಹುಡುಗರು ವಾಪಸ್ ಹೋಗಾಕ ಹತ್ತಿದರು.

ಕಾಕಾ ಒಂದು ದಿನ ಹೇಳಿದ: "ತಮ್ಮಾ, ಇದನ್ನ ಗುಜರಿಗೆ ಹಾಕೂನು ಬಿಡು. ಹೊಸಾದು ತರಬೇಕಂದ್ರ ಮೂವತ್ತು-ನಲವತ್ತು ಸಾವಿರ ಬೇಕು. ಈ ವರ್ಷ ಅಷ್ಟು ಆಗೂದಿಲ್ಲ."

ನಾನು ಅಂದೆ: "ಕಾಕಾ, ಎಂಟು ದಿನ ಟೈಮ್ ಕೊಡು. ಲಿನಕ್ಸ್ ಹಾಕಿ ನೋಡ್ತೀನಿ."

"ಹಾಕು. ಆದ್ರ ಅಜ್ಜನ ಫೈಲ್ ಹೋಗಬಾರದು ನೋಡು."

ಅಜ್ಜನ ಫೈಲ್ ಏನು ಅಂತ ಆಮೇಲೆ ಹೇಳ್ತೀನಿ. ಈ ಸರಣಿ ಕಂಪ್ಯೂಟರ್ ರಿಪೇರಿ ಪಾಠ ಅಲ್ಲ. ಆ ಎಂಟು ದಿನದಲ್ಲಿ ಒಂದೊಂದು ಸಾಮಾನೂ ತನ್ನ ಹಿಂದೆ ಒಂದು ಇತಿಹಾಸ ಇಟ್ಟುಕೊಂಡೈತಿ ಅಂತ ಗೊತ್ತಾಯ್ತು. ಅದನ್ನ ಬರೆದಿದೀನಿ.

ಭಾಗ 2/9

ಮೊದಲು ನಮ್ಮ ಬಿಕಾಂ ಲೆಕ್ಕ ಮಾಡೋಣ. 2012ರಲ್ಲಿ 25,000 ರೂಪಾಯಿಗೆ ತಂದ ಕಂಪ್ಯೂಟರ್ ಅಂತ ಇಟ್ಟುಕೊಳ್ಳಿ. ಆದಾಯ ತೆರಿಗೆಯ ಈಗಿನ ದರದಂತೆ ವರ್ಷಕ್ಕೆ ಶೇ. 40 ಸವಕಳಿ, ಇಳಿಕೆ ಮೌಲ್ಯದ ಪದ್ಧತಿ. ಒಂದು ವರ್ಷಕ್ಕೆ 15,000, ಎರಡನೇ ವರ್ಷಕ್ಕೆ 9,000, ಮೂರನೇದಕ್ಕೆ 5,400. ಹೀಗೇ ಇಳಿದು 13 ವರ್ಷಕ್ಕೆ ಸುಮಾರು 33 ರೂಪಾಯಿ.

ಪುಸ್ತಕದಲ್ಲಿ 33 ರೂಪಾಯಿ. ಆದರೆ ಅದೇ ಯಂತ್ರ ದಿನಾ ಕಾಕಾನ ಮನೆ ನಡೆಸ್ತಿತ್ತು. ಪುಸ್ತಕದ ಬೆಲೆ ಬೇರೆ, ಉಪಯೋಗದ ಬೆಲೆ ಬೇರೆ ಅಂತ ಸರ್ ಕ್ಲಾಸಿನಲ್ಲಿ ಹೇಳಿದ್ದು ನನಗೆ ತಿಳಿದದ್ದು ಇಲ್ಲೇ.

ಹಳೇ ಯಂತ್ರ ಸಾಯೋದು ಎರಡು ತರ. ಒಂದು, ಅದರ ಭಾಗ ಸುಟ್ಟು ಸಾಯೋದು. ಇನ್ನೊಂದು, ಅದರ ಜೊತೆ ಮಾತಾಡೋ ತಂತ್ರಾಂಶ ಯಾರೂ ಬರೆಯದೇ ಸಾಯೋದು. ಈ ಮಾತಾಡೋ ತಂತ್ರಾಂಶಕ್ಕೆ ಡ್ರೈವರ್ ಅಂತಾರೆ. ಪ್ರಿಂಟರ್, ಸ್ಕ್ಯಾನರ್, ವೈಫೈ, ಪ್ರತಿಯೊಂದಕ್ಕೂ ಅದರದೇ ಭಾಷೆ. ಆ ಭಾಷೆ ಬಲ್ಲ ಡ್ರೈವರ್ ಇಲ್ಲ ಅಂದರೆ ಗಟ್ಟಿಮುಟ್ಟಾದ ಸಾಮಾನೂ ಕಲ್ಲು ಇದ್ದಂಗೆ.

ಹಂಗಾದರೆ ಪ್ರಶ್ನೆ ಇಷ್ಟೇ: ಆ ಭಾಷೆ ಯಾರ ಸ್ವತ್ತು? ಕೊಂಡವನದ್ದೋ, ಮಾಡಿದವನದ್ದೋ? ಲಿನಕ್ಸ್ ಅನ್ನೋದರ ಹಿಂದಿನ ಇಡೀ ಜಗಳ ಇದೇ ಪ್ರಶ್ನೆಯಿಂದ ಶುರು ಆಗಿದ್ದು. ಅದೂ ಒಂದು ಪ್ರಿಂಟರ್‌ನಿಂದ.

ಭಾಗ 3/9

1980ರ ಸುಮಾರು. ಅಮೆರಿಕದ ಎಂಐಟಿಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಕೆಲಸ ಮಾಡ್ತಿದ್ದ. ಅಲ್ಲಿನ ಹಳೇ ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೆ, ಕಾಯ್ತಾ ಕೂತವರ ಕಂಪ್ಯೂಟರ್‌ಗೇ ಸಂದೇಶ ಹೋಗೋ ಹಂಗೆ ಅವನು ತಂತ್ರಾಂಶ ತಿದ್ದಿದ್ದ. ಮೂಲ ಕೋಡ್ ಕೈಯಲ್ಲಿ ಇದ್ದದ್ದಕ್ಕೆ ಅದು ಸಾಧ್ಯ ಆಯ್ತು. ಆಮೇಲೆ ಝೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಕೋಡ್ ಬರಲಿಲ್ಲ. ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಆ ಕೋಡ್ ಇದ್ದವರನ್ನ ಹೋಗಿ ಕೇಳಿದ. ಯಾರಿಗೂ ಕೊಡಲ್ಲ ಅಂತ ಸಹಿ ಮಾಡಿದೀನಿ ಅಂತ ಅವರು ಕೊಡಲಿಲ್ಲ.

ಆ ಸಿಟ್ಟು ಅವನ ಮನಸ್ಸಿನಲ್ಲಿ ಉಳೀತು. 1983ರ ಸೆಪ್ಟೆಂಬರ್‌ನಲ್ಲಿ ಗ್ನೂ ಅನ್ನೋ ಯೋಜನೆ ಘೋಷಿಸಿದ: ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶ.

ಗ್ನೂ ಹತ್ತಿರ ಉಪಕರಣ ಎಲ್ಲಾ ತಯಾರಾದವು, ನಡುವಿನ ಕರ್ನಲ್ ಒಂದು ತಡ ಆಯ್ತು. ಅದನ್ನ ಕೊಟ್ಟವನು ಫಿನ್‌ಲ್ಯಾಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್. 1991ರ ಆಗಸ್ಟ್ 25ಕ್ಕೆ ಅವನು ಅದನ್ನ ಹೇಳಿಕೊಂಡಾಗ ಅವನ ವಯಸ್ಸು 21. ನಮ್ಮ ಕ್ಲಾಸಿನವರಿಗಿಂತ ಒಂದೇ ವರ್ಷ ದೊಡ್ಡವ! ಇದು ದೊಡ್ಡದೇನೂ ಅಲ್ಲ, ಹವ್ಯಾಸ ಅಷ್ಟೇ ಅಂತ ಬರೆದಿದ್ದ. ತನ್ನ ಹತ್ತಿರ ಇರೋ ತರದ ಹಾರ್ಡ್‌ಡಿಸ್ಕ್ ಬಿಟ್ಟು ಬೇರೆ ಯಾವುದಕ್ಕೂ ಇದು ಬಹುಶಃ ನಡೆಯೋದಿಲ್ಲ ಅಂತಲೂ ಹೇಳಿದ್ದ.

ಈ ಮಾತಿನಲ್ಲೇ ಲಿನಕ್ಸ್ ಡ್ರೈವರ್‌ಗಳ ಇತಿಹಾಸ ಎಲ್ಲಾ ಐತಿ. ಯಾರ ಹತ್ತಿರ ಯಾವ ಸಾಮಾನು ಇತ್ತೋ ಅವರು ಅದಕ್ಕೆ ಡ್ರೈವರ್ ಬರೆದರು. ಬರೆದದ್ದು ಎಲ್ಲರಿಗೂ ಸಿಕ್ತು. ಯಾರೂ ಬರೆಯದಿದ್ದರೆ ಇಲ್ಲ.

ಭಾಗ 4/9

ಫೋಟೋ: ಡಾಟ್ ಮ್ಯಾಟ್ರಿಕ್ಸ್. ಮುಚ್ಚಳ ತೆಗೆದದ್ದು.

ನಾನು ಹಾಕಿದ್ದು ಡೆಬಿಯನ್ 12, ಹಗುರ ಡೆಸ್ಕ್‌ಟಾಪ್ ಜೊತೆ. ಮೊದಲೇ ಹಾಕಿಬಿಡಲಿಲ್ಲ. ಪೆನ್‌ಡ್ರೈವ್‌ನಿಂದ ಸುಮ್ಮನೆ ಓಡಿಸಿ, ಪರದೆ, ಸೌಂಡ್, ನೆಟ್ ಎಲ್ಲಾ ಬರುತ್ತಾ ನೋಡಿಕೊಂಡೆ. ಕಾಕಾನ ಫೈಲ್ ಎಲ್ಲಾ ಎರಡು ಕಡೆ ಕಾಪಿ ಮಾಡಿದೆ. ನೀವೂ ಇದನ್ನ ಬಿಡಬೇಡ್ರಿ. ಹಾಕಿದ ಮೇಲೆ ನೆನಪಾದರೆ ಉಪಯೋಗ ಇಲ್ಲ.

ಎಲ್ಲಕ್ಕಿಂತ ಹಳೇ ಸಾಮಾನೇ ಎಲ್ಲಕ್ಕಿಂತ ಮೊದಲು ನಡೀತು. ಡಾಟ್ ಮ್ಯಾಟ್ರಿಕ್ಸ್‌ಗೆ ಯಾವ ಸಿಡಿನೂ ಬೇಕಾಗಲಿಲ್ಲ. ಪಟ್ಟಿಯಲ್ಲಿ ಎಪ್ಸನ್ 9 ಪಿನ್ ಅಂತ ಆರಿಸಿದೆ, ಟರ್ ಅಂತು. ಕಾಕಾ ಗಿರಾಕಿ ಬಿಟ್ಟು ಎದ್ದು ಬಂದ.

ಯಾಕೆ ನಡೀತು? ಜಪಾನಿನ ಎಪ್ಸನ್ ಕಂಪನಿ 1980ರ ಸುಮಾರಿಗೆ ತನ್ನ ಡಾಟ್ ಮ್ಯಾಟ್ರಿಕ್ಸ್‌ಗಳಿಗೆ ಒಂದು ಆಜ್ಞೆಗಳ ಭಾಷೆ ಮಾಡಿತು. 27ನೇ ನಂಬರಿನ ಎಸ್ಕೇಪ್ ಸಂಕೇತ ಕಳಿಸಿ, ಹಿಂದೆ ಒಂದು ಅಕ್ಷರ ಕಳಿಸಿದರೆ ದಪ್ಪ ಅಕ್ಷರ, ಸಣ್ಣ ಅಕ್ಷರ, ಹೊಸ ಸಾಲು, ಹಿಂಗೆ. ಆ ಆಜ್ಞೆಗಳನ್ನ ಪ್ರಿಂಟರ್ ಜೊತೆ ಬರೋ ಪುಸ್ತಕದಲ್ಲೇ ಅಚ್ಚು ಹಾಕಿ ಕೊಡ್ತಿದ್ದರು. ಗುಟ್ಟು ಇರಲಿಲ್ಲ. ಅದಕ್ಕೇ ಬೇರೆ ಕಂಪನಿಗಳೂ ಅದೇ ಭಾಷೆ ಹಿಡಿದವು.

ನಮ್ಮ ಕರ್ನಾಟಕಕ್ಕೂ ಇದರಲ್ಲಿ ಪಾಲು ಐತಿ. ಮೈಸೂರಿನಲ್ಲಿ ವಿಪ್ರೋ, ತುಮಕೂರಿನಲ್ಲಿ ಟಿವಿಎಸ್ ಎಲೆಕ್ಟ್ರಾನಿಕ್ಸ್ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ತಯಾರಿಸಿ ದೇಶಕ್ಕೆಲ್ಲಾ ಕಳಿಸಿದವು. ಬ್ಯಾಂಕು, ಸೊಸೈಟಿ, ಔಷಧ ಅಂಗಡಿ, ಬಸ್ ಬುಕಿಂಗ್, ಎಲ್ಲಾ ಕಡೆ ಕೇಳೋ ಆ ಟರ್ ಟರ್ ಸಪ್ಪಳ ಇವೇ. ಒಂದೇ ಸಲಕ್ಕೆ ಕಾರ್ಬನ್ ಮೇಲೆ ಮೂರು ಪ್ರತಿ ಬರೋದು ಲೇಸರ್‌ನಿಂದ ಆಗೋದಿಲ್ಲ, ಅದಕ್ಕೇ ಬಿಲ್ಲಿಗೆ ಇವತ್ತಿಗೂ ಇದೇ ಬೇಕು.

ಪಾಠ: ಭಾಷೆ ಬಯಲಲ್ಲಿ ಇದ್ದ ಯಂತ್ರ ನಲವತ್ತು ವರ್ಷ ಬಾಳ್ತು.

ಭಾಗ 5/9

ಫೋಟೋ: ಲೇಸರ್ ಪ್ರಿಂಟರ್, ಕಿತ್ತಳೆ ದೀಪ.

ಇದು ಡಾಟ್ ಮ್ಯಾಟ್ರಿಕ್ಸ್‌ಗಿಂತ ಹೊಸದು, ಆದರೆ ಇದೇ ಮೂರು ದಿನ ಕಾಡಿತು. ಕಂಪನಿ ಹೆಸರು ಬ್ಯಾಡ. ಲಿನಕ್ಸ್ ಇದರ ಹೆಸರು ಗುರುತಿಸಿತು, ಪ್ರಿಂಟ್ ಕೊಟ್ಟರೆ ಹೋಯ್ತು ಅಂತಲೂ ತೋರಿಸಿತು. ಕಾಗದ ಮಾತ್ರ ಅಲುಗಾಡಲಿಲ್ಲ.

ಹಿಂದಿನ ಲೇಸರ್ ಪ್ರಿಂಟರ್‌ನೊಳಗೆ ಸ್ವಂತ ಪ್ರೊಸೆಸರ್, ಸ್ವಂತ ಮೆಮೊರಿ ಇರ್ತಿತ್ತು. ಪುಟ ಹೆಂಗೆ ಕಾಣಬೇಕು ಅನ್ನೋದನ್ನ ಅದೇ ಲೆಕ್ಕ ಹಾಕ್ತಿತ್ತು. ಬೆಲೆಯೂ ಹಂಗೇ ಇತ್ತು. 1990ರ ದಶಕದಲ್ಲಿ ಖರ್ಚು ಇಳಿಸೋಕೆ ಆ ಲೆಕ್ಕದ ಕೆಲಸ ಎಲ್ಲಾ ಕಂಪ್ಯೂಟರ್ ತಲೆಗೆ ಕಟ್ಟಿ, ಪ್ರಿಂಟರ್‌ನ ಬರೀ ಕೈಕಾಲು ಮಾಡಿದರು. ಅಂತಾ ಪ್ರಿಂಟರ್ ಅಗ್ಗ ಆಯ್ತು, ಹಳ್ಳಿ ಅಂಗಡಿಗೂ ಬಂತು. ಆದರೆ ಅದರ ಭಾಷೆ ಕಂಪನಿಯ ವಿಂಡೋಸ್ ಡ್ರೈವರ್‌ಗೆ ಮಾತ್ರ ಗೊತ್ತು. ಪುಸ್ತಕದಲ್ಲಿ ಅಚ್ಚು ಹಾಕಿರಲಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲವು ಪ್ರಿಂಟರ್‌ಗಳಲ್ಲಿ ಒಳಗಿನ ಕಾರ್ಯಕ್ರಮವನ್ನೂ ಇಡಲಿಲ್ಲ. ಅದಕ್ಕೆ ಫರ್ಮ್‌ವೇರ್ ಅಂತಾರೆ. ಸ್ವಿಚ್ ಆರಿಸಿದರೆ ಪ್ರಿಂಟರ್ ಎಲ್ಲಾ ಮರೆತು ಹೋಗುತ್ತೆ. ಮತ್ತೆ ಹಾಕಿದಾಗ ಕಂಪ್ಯೂಟರ್ ಆ ಫೈಲನ್ನ ಮತ್ತೆ ಕಳಿಸಬೇಕು. ವಿಂಡೋಸ್‌ನಲ್ಲಿ ಡ್ರೈವರ್ ಗಪ್‌ಚುಪ್ ಕಳಿಸ್ತಿತ್ತು, ನಮಗೆ ಗೊತ್ತೇ ಆಗ್ತಿರಲಿಲ್ಲ.

ನಾನು ಮಾಡಿದ್ದು ಏನು? ಒಂದು, ಯುಎಸ್‌ಬಿ ಸಾಮಾನುಗಳ ಪಟ್ಟಿ ತೋರಿಸೋ ಕಮಾಂಡ್ ಕೊಟ್ಟು ಪ್ರಿಂಟರ್‌ನ ನಿಜವಾದ ಗುರುತಿನ ನಂಬರ್ ತಗೊಂಡೆ. ಡಬ್ಬಿ ಮೇಲಿನ ಹೆಸರಿಗಿಂತ ಆ ನಂಬರ್ ಖಾತ್ರಿ. ಎರಡು, ಕರ್ನಲ್ ಬರೆಯೋ ದಿನಚರಿ ಓದಿದೆ, ಎಲ್ಲಿ ತಡೆ ಐತಿ ನೋಡೋಕೆ. ಮೂರು, ಆ ನಂಬರಿಗೆ ಯಾರಾದರೂ ಡ್ರೈವರ್ ಬರೆದಿದಾರಾ ಹುಡುಕಿದೆ. ಬರೆದಿದ್ದರು. ಕಂಪ್ಯೂಟರ್‌ಗೂ ಪ್ರಿಂಟರ್‌ಗೂ ನಡುವೆ ಹರಿಯೋ ಅಂಕಿಗಳನ್ನ ನೋಡಿ ನೋಡಿ, ಅದರ ಭಾಷೆ ತಾವೇ ಬಿಡಿಸಿದ್ದರು. ಫರ್ಮ್‌ವೇರ್ ಕಳಿಸೋ ವ್ಯವಸ್ಥೆನೂ ಅದರಲ್ಲೇ ಇತ್ತು.

ನಾಲ್ಕನೇ ದಿನ ಸಂಜೆ ದೀಪ ಹಸಿರಾಯ್ತು.

ಭಾಗ 6/9

ಹಿಂಗೆ ಭಾಷೆ ಬಿಡಿಸೋ ಕೆಲಸ ಪ್ರಿಂಟರ್‌ಗೆ ಮಾತ್ರ ಆಗಿದ್ದಲ್ಲ. ನಿಮ್ಮಲ್ಲಿ ಬಹಳ ಮಂದಿ ಕೇಳೋ ಪ್ರಶ್ನೆ: ಲಿನಕ್ಸ್ ಹಾಕಿದರೆ ವೈಫೈ ಯಾಕೆ ಬರಲ್ಲ?

2000ದ ದಶಕದಲ್ಲಿ ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಬ್ರಾಡ್‌ಕಾಮ್ ವೈಫೈ ಚಿಪ್ ಇತ್ತು. ಅದರ ವಿವರ ಹೊರಗೆ ಇರಲಿಲ್ಲ. ಒಂದಷ್ಟು ಜನ ಎರಡು ತಂಡ ಮಾಡಿಕೊಂಡರು. ಒಂದು ತಂಡ ಚಿಪ್ ಹೆಂಗೆ ನಡೆಯುತ್ತೆ ಅಂತ ಬಿಡಿಸಿ ಬರೆಯೋದು, ಇನ್ನೊಂದು ತಂಡ ಆ ಬರಹ ಮಾತ್ರ ಓದಿ ಹೊಸದಾಗಿ ಡ್ರೈವರ್ ಬರೆಯೋದು. ಯಾರೂ ನಕಲು ಮಾಡಿದರು ಅಂತ ಅನ್ನಬಾರದು, ಅದಕ್ಕೆ. 2006ರಲ್ಲಿ ಆ ಡ್ರೈವರ್ ಲಿನಕ್ಸ್ 2.6.17 ಸೇರಿತು. 2010ರ ಸೆಪ್ಟೆಂಬರ್‌ನಲ್ಲಿ ಬ್ರಾಡ್‌ಕಾಮ್ ತಾನೇ ತನ್ನ ಹೊಸ ಚಿಪ್‌ಗಳಿಗೆ ತೆರೆದ ಡ್ರೈವರ್ ಕೊಟ್ಟಿತು. ನಡುವೆ 2007ರಲ್ಲಿ ಕರ್ನಲ್ ಕೆಲಸಗಾರ ಗ್ರೆಗ್ ಕ್ರೋ-ಹಾರ್ಟ್‌ಮನ್ ಕಂಪನಿಗಳಿಗೆ ಬಹಿರಂಗವಾಗಿ ಹೇಳಿದ್ದ: ನಿಮ್ಮ ಸಾಮಾನಿನ ವಿವರ ಕೊಡಿ, ಡ್ರೈವರ್ ನಾವು ಪುಕ್ಕಟೆ ಬರೆದುಕೊಡ್ತೀವಿ.

ಡೆಬಿಯನ್‌ನವರದ್ದು ಇನ್ನೊಂದು ಜಗಳ. ಕೋಡ್ ತೆರೆದಿಲ್ಲದ ಫರ್ಮ್‌ವೇರ್‌ನ ತಮ್ಮ ಸಿಡಿಯಲ್ಲಿ ಇಡಲ್ಲ ಅಂತ ವರ್ಷಾನುಗಟ್ಟಲೆ ಹಟ ಹಿಡಿದಿದ್ದರು. ತತ್ವ ಸರಿ, ಆದರೆ ಹಾಕಿಕೊಂಡವನಿಗೆ ವೈಫೈ ಇಲ್ಲ. 2022ರಲ್ಲಿ ಮತ ಹಾಕಿ ನಿಯಮ ಬದಲಿಸಿದರು. 2023ರ ಡೆಬಿಯನ್ 12ರಿಂದ ಅದು ಜೊತೆಗೇ ಬರುತ್ತೆ. ಕಾಕಾನ ಅಂಗಡಿಯ ವೈಫೈ ಒಂದೇ ನಿಮಿಷಕ್ಕೆ ಹತ್ತಿದ್ದು ಆ ಮತದಿಂದಲೇ.

ಭಾಗ 7/9

ಫೋಟೋ: ಪರದೆ ತುಂಬ ಅರ್ಥ ಇಲ್ಲದ ಅಕ್ಷರ.

ಈಗ ಅಜ್ಜನ ಫೈಲ್. ಅಜ್ಜ ತೀರಿಕೊಳ್ಳೋ ಮುಂಚೆ ಎರಡು ಚಳಿಗಾಲ ಅಂಗಡಿಯಲ್ಲಿ ಕೂತು ತನ್ನ ನೆನಪು ಹೇಳಿದ್ದ. ಕಾಕಾ ಗಿರಾಕಿ ಇಲ್ಲದಾಗ ಟೈಪ್ ಮಾಡಿದ್ದ. 22 ಪುಟ. 1972ರ ಬರದಲ್ಲಿ ಏನು ಉಂಡರು, ಯಾವ ಬಾವಿ ಬತ್ತಲಿಲ್ಲ, ಎತ್ತಿನ ಜೋಡಿಗೆ ಎಷ್ಟು ಕೊಟ್ಟರು, ಎಲ್ಲಾ. ಬೇರೆ ಪ್ರತಿ ಇಲ್ಲ.

ಲಿನಕ್ಸ್‌ನಲ್ಲಿ ತೆಗೆದೆ. ತಲೆ ಮೇಲೆ ಟೋಪಿ, ಚುಕ್ಕೆ ಇಟ್ಟ ಇಂಗ್ಲಿಷ್ ಅಕ್ಷರಗಳು. ಕಾಕಾ ನೋಡಿ ಸುಮ್ಮನೆ ಕೂತ. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಫೈಲ್ ಕೆಟ್ಟಿರಲಿಲ್ಲ. ಅದಕ್ಕೂ ಒಂದು ಇತಿಹಾಸ ಐತಿ. 1980ರ ದಶಕದಲ್ಲಿ ಕಂಪ್ಯೂಟರ್‌ನಲ್ಲಿ ಕನ್ನಡ ಬರಬೇಕಂದರೆ ಒಳಗೆ ಒಂದು ಬೇರೆ ಕಾರ್ಡನ್ನೇ ಹಾಕಬೇಕಿತ್ತು. ಐಐಟಿ ಕಾನ್ಪುರದಲ್ಲಿ ಹುಟ್ಟಿ, ಪುಣೆಯ ಸಿ-ಡ್ಯಾಕ್ ಬೆಳೆಸಿದ ಜಿಸ್ಟ್ ಕಾರ್ಡ್. ಅಂದರೆ ಕನ್ನಡವೇ ಒಂದು ಹಾರ್ಡ್‌ವೇರ್ ಆಗಿತ್ತು! ಆಮೇಲೆ ತಂತ್ರಾಂಶ ಬಂದವು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ, 2000ದ ದಶಕದ ಶುರುವಿನಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ. ನಾವೆಲ್ಲಾ ಬಳಸೋ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರದ್ದು. ಅದೇ ಕಾಲಕ್ಕೆ ಭೂಮಿ ಯೋಜನೆ ಬಂದು, ರಾಜ್ಯದ 177 ತಾಲ್ಲೂಕುಗಳಲ್ಲಿ ರೈತರು 15 ರೂಪಾಯಿ ಕೊಟ್ಟು ಕಂಪ್ಯೂಟರ್‌ನಿಂದ ಕನ್ನಡದ ಪಹಣಿ ತಗೊಂಡರು.

ಆದರೆ ಆಗಿನ ನುಡಿ, ಬರಹದ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಮನೆಯಲ್ಲೇ ಕನ್ನಡದ ತುಂಡು ಕೂರಿಸಿದ್ದರು. ಒಳಗೆ ಇಂಗ್ಲಿಷ್ ನಂಬರ್, ಹೊರಗೆ ಕನ್ನಡದ ವೇಷ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಟೋಪಿ ಅಕ್ಷರ. ಯುನಿಕೋಡ್ ಬಂದು ಕನ್ನಡಕ್ಕೆ ಸ್ವಂತ 128 ಮನೆ ಕೊಟ್ಟಿತು. ಅದು ಬಂದ ವರ್ಷ? 1991. ಭಾರತದ ಇಸ್ಕಿ ಸಂಕೇತದ ಐಎಸ್ 13194 ಮಾನಕ ಬಂದದ್ದೂ 1991. ಲಿನಕ್ಸ್ 1991. ನಮ್ಮ ಪಠ್ಯದಲ್ಲಿ ಬರೋ ಉದಾರೀಕರಣದ ಬಜೆಟ್ ಕೂಡ 1991ರ ಜುಲೈ. ನಮ್ಮ ಅಪ್ಪಂದಿರ ಹುಡುಗತನದ ಆ ಒಂದು ವರ್ಷದಲ್ಲಿ ಇಷ್ಟೆಲ್ಲಾ ಆಗಿತ್ತು. ಒಂದಕ್ಕೊಂದು ಸಂಬಂಧ ಇರಲಿಲ್ಲ. ಕಾಕಾನ ಟೇಬಲ್ ಮೇಲೆ ಎಲ್ಲಾ ಕೂಡಿದವು.

ಭಾಗ 8/9

ಹಳೇ ನುಡಿ ಫೈಲನ್ನ ಯುನಿಕೋಡ್ ಮಾಡೋ ಪರಿವರ್ತಕಗಳು ಪುಕ್ಕಟೆ ಸಿಗ್ತಾವೆ. ಹಾಕಿದೆ. 22 ಪುಟ ಕನ್ನಡ ಆಯ್ತು. ಆದರೆ ಅಜ್ಜನ "ವರ್ಷ" ಎಲ್ಲಾ "ವಷರ್" ಆಗಿತ್ತು, "ಧರ್ಮ" "ಧಮರ್" ಆಗಿತ್ತು. ಹಳೇ ಫಾಂಟ್‌ನಲ್ಲಿ ಅರ್ಕಾವತ್ತು ಅಕ್ಷರದ ಹಿಂದೆ ಬರುತ್ತೆ, ಯುನಿಕೋಡ್‌ನಲ್ಲಿ ಆ ರಕಾರ ಮುಂದೆ ಬರಬೇಕು. ನಾನು ಬಳಸಿದ ಪರಿವರ್ತಕಕ್ಕೆ ಅದು ತಿಳಿದಿರಲಿಲ್ಲ. ನಾನು ಓದೋದು, ಕಾಕಾ ತಿದ್ದೋದು, ಎರಡು ರಾತ್ರಿ ಮಾಡಿದೆವು.

ಲಿನಕ್ಸ್‌ನಲ್ಲಿ ಕನ್ನಡ ಚೆಂದ ಕಾಣೋದೂ ತಾನೇ ಆಗಿದ್ದಲ್ಲ. 2004ರಲ್ಲಿ ರೆಡ್‌ಹ್ಯಾಟ್ ಲೋಹಿತ್ ಫಾಂಟ್‌ಗಳನ್ನ ತೆರೆದು ಕೊಟ್ಟಿತು. ಆಮೇಲೆ ಕನ್ನಡದವರೇ ಗುಬ್ಬಿ, ನವಿಲು ಅಂತ ಫಾಂಟ್ ಮಾಡಿದರು, ಅವು ಈಗ ಡೆಬಿಯನ್ ಪಟ್ಟಿಯಲ್ಲೇ ಇದಾವೆ. ನುಡಿಯ ಕೀಲಿಮಣೆನೂ ಕೆಜಿಪಿ ಹೆಸರಿನಲ್ಲಿ ಸಿಗುತ್ತೆ, ಕಾಕಾ ಬೆರಳಿಗೆ ಹೊಸದಾಗಿ ಕಲಿಸೋದು ಏನೂ ಬೀಳಲಿಲ್ಲ.

"ಇದನ್ನ ಯಾರರ ನಿಜವಾಗಿ ಬಳಸ್ತಾರೇನಲೇ?" ಅಂತ ಕಾಕಾ ಕೇಳಿದ. ನಾನು ಕಾಸರಗೋಡಿನ ಕಥೆ ಹೇಳಿದೆ. ಕೇರಳದಲ್ಲಿ 2001ರಲ್ಲಿ ಐಟಿ@ಸ್ಕೂಲ್ ಅಂತ ಶುರುವಾದ ಯೋಜನೆ 2017ರಲ್ಲಿ ಕೈಟ್ ಅನ್ನೋ ಸರ್ಕಾರಿ ಸಂಸ್ಥೆ ಆಯ್ತು. ಅವರು ಶಾಲೆಗಳಿಗೆ ತಮ್ಮದೇ ಲಿನಕ್ಸ್ ಕಟ್ಟಿಕೊಡ್ತಾರೆ. ಐಟಿ ಪಠ್ಯಪುಸ್ತಕ ಮಲಯಾಳ, ಇಂಗ್ಲಿಷ್ ಜೊತೆ ತಮಿಳು, ಕನ್ನಡದಲ್ಲೂ ಬರುತ್ತೆ. ಅಂದರೆ ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲ್ ಹುಡುಗರು ಕನ್ನಡದಲ್ಲೇ ಲಿನಕ್ಸ್ ಕಲೀತಾರೆ. ನಮ್ಮಲ್ಲೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಇಲಾಖೆಯ ಜೊತೆ ಸೇರಿ ಸರ್ಕಾರಿ ಹೈಸ್ಕೂಲ್ ಶಿಕ್ಷಕರಿಗೆ ಉಬುಂಟು ಮೇಲೆ ತರಬೇತಿ ಕೊಟ್ಟಿತ್ತು. ನಮ್ಮ ಕ್ಲಾಸಿನಲ್ಲಿ ಎಷ್ಟು ಮಂದಿಗೆ ಗೊತ್ತು ಕೈ ಎತ್ರಿ. ನನಗೂ ಗೊತ್ತಿರಲಿಲ್ಲ.

ಭಾಗ 9/9

ಎಲ್ಲಾ ಗೆದ್ದೆ ಅಂತ ಹೇಳಿದರೆ ಸುಳ್ಳಾಗುತ್ತೆ. ಬೆರಳಚ್ಚಿನ ಡಬ್ಬಿ ನಡೆಯಲಿಲ್ಲ. ಅದನ್ನ ಮಾಡಿದ ಕಂಪನಿ ಲಿನಕ್ಸ್‌ಗೆ ತಂತ್ರಾಂಶ ಕೊಟ್ಟಿಲ್ಲ, ಹೊರಗಿನವರು ಬರೆದರೂ ಒಪ್ಪೋದಿಲ್ಲ, ಯಾಕಂದರೆ ಅದು ಗುರುತಿನ ವಿಷಯ. ಆ ಕೆಲಸಕ್ಕೆ ಬರೋ ಅಜ್ಜಿಯರನ್ನ ಕಾಕಾ ಈಗಲೂ ಬೇರೆ ಅಂಗಡಿಗೆ ಕಳಿಸ್ತಾನೆ. ಅಷ್ಟು ದುಡಿಮೆ ಹೋಯ್ತು. ನೀವು ಹಾಕೋ ಮುಂಚೆ ನಿಮ್ಮ ಮನೆಯಲ್ಲಿ ಅಂತಾ ಸಾಮಾನು ಏನಾದರೂ ಐತಾ ನೋಡಿಕೊಳ್ರಿ.

ಲಿನಕ್ಸ್ ಹಳೇದನ್ನ ಎಂದೂ ಬಿಡಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ಲಿನಸ್ ಯಾವ 386 ಕಂಪ್ಯೂಟರ್ ಮೇಲೆ ಶುರು ಮಾಡಿದನೋ, ಆ 386ರ ಬೆಂಬಲವನ್ನ 2012ರ ಡಿಸೆಂಬರ್‌ನಲ್ಲಿ ತೆಗೆದು ಹಾಕಿದರು. ಲಿನಸ್ ತಾನೇ ಒಪ್ಪಿದ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ. ಯಾರಾದರೂ ನೋಡಿಕೊಳ್ಳೋವರು ಇರೋವರೆಗೆ ಮಾತ್ರ ಯಾವ ಯಂತ್ರನೂ ಬದುಕಿರುತ್ತೆ. ಬೇರೆ ಕಡೆ ಆ ತೀರ್ಮಾನ ಕಂಪನಿ ಒಂದೇ ಮಾಡುತ್ತೆ. ಇಲ್ಲಿ ಉಳಿಸಿಕೊಳ್ಳೋ ಮನಸ್ಸಿದ್ದವನಿಗೆ ಕೋಡ್ ಕೈಗೆ ಸಿಗುತ್ತೆ. ವ್ಯತ್ಯಾಸ ಇಷ್ಟೇ, ಆದರೆ ಸಣ್ಣದಲ್ಲ.

ಈ ಮಾತು ಈಗ ಯಾಕೆ? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸರದಿನೂ ಮುಗೀತು. ವಿಂಡೋಸ್ 11 ಟಿಪಿಎಂ 2.0 ಕೇಳುತ್ತೆ, ಹಳೇ ಪ್ರೊಸೆಸರ್ ಒಪ್ಪಲ್ಲ. ನಿಮ್ಮ ಅಣ್ಣ, ಅಕ್ಕ ಓದಿ ಬಿಟ್ಟ ಲ್ಯಾಪ್‌ಟಾಪ್ ಎಷ್ಟು ಮನೆಗಳಲ್ಲಿ ಅಟ್ಟ ಸೇರ್ತಾವೋ ಲೆಕ್ಕ ಹಾಕ್ರಿ. ಗುಜರಿಗೆ ಹಾಕೋ ಮುಂಚೆ ಒಂದು ಪೆನ್‌ಡ್ರೈವ್ ಹಚ್ಚಿ ನೋಡ್ರಿ. ನಡೆದರೆ ತಂಗಿಗೆ ಒಂದು ಕಂಪ್ಯೂಟರ್ ಆಯ್ತು.

ಕೊನೆಯ ಫೋಟೋ ನೋಡ್ರಿ. ಕಾಕಾ ಅಜ್ಜನ ಮೊದಲ ಪುಟ ಲೇಸರ್‌ನಲ್ಲಿ ತೆಗಿ ಅನ್ನಲಿಲ್ಲ, "ಟರ್ ಟರ್‌ದಾಗ ತೆಗಿ" ಅಂದ. ಡಾಟ್ ಮ್ಯಾಟ್ರಿಕ್ಸ್ ಕನ್ನಡವನ್ನ ಚಿತ್ರದಂಗೆ ಚುಕ್ಕೆ ಚುಕ್ಕೆಯಾಗಿ ಬರೆಯುತ್ತೆ, ಒಂದು ಪುಟಕ್ಕೆ ಬಹಳ ಹೊತ್ತು ಹಿಡೀತು. ನಾವಿಬ್ಬರೂ ನಿಂತು ನೋಡಿದೆವು. ಮೊದಲ ಸಾಲಿನಲ್ಲಿ ಒಂದು "ವಷರ್" ಹಂಗೇ ಉಳಿದಿತ್ತು. ಕಾಕಾ ಪೆನ್ನಿನಿಂದ ತಿದ್ದಿದ. ಆ ಕಾಗದ ಈಗ ಅಂಗಡಿ ಗೋಡೆ ಮೇಲೆ ಐತಿ.

ನಿಮ್ಮ ಮನೆಯಲ್ಲಿ ಹಳೇ ನುಡಿ ಫೈಲ್, ಹಳೇ ಪ್ರಿಂಟರ್ ಏನಾದರೂ ಇದ್ದರೆ ಕಾಮೆಂಟ್‌ನಲ್ಲಿ ಬರೀರಿ. ಮುರಗೋಡ, ಬೈಲಹೊಂಗಲ, ಸವದತ್ತಿ ಕಡೆಯವರಾದರೆ ರವಿವಾರ ನಾನೇ ಬರ್ತೀನಿ. ಚಹಾ ಕುಡಿಸಿದರೆ ಸಾಕು.

#ಮುರಗೋಡ #ಹಳೇಕಂಪ್ಯೂಟರ್ #ಲಿನಕ್ಸ್ #ಕನ್ನಡದಲ್ಲಿಲಿನಕ್ಸ್ #ಬಿಕಾಂಹುಡುಗ